ತಂದೆಯವರ .32 ರಿವಾಲ್ವರಿಗೆ ಮರದ ಹಿಡಿ: ಸಂದು ಉಳಿಯದಂತೆ ಕೂರಿಸುವುದು ಹೇಗೆ?

ಗಾಂಧಿಬಜಾರ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸಕಲೇಶಪುರದ ಬಳಿಯ ಕಾಫಿ ತೋಟವೊಂದರಲ್ಲಿ ಮ್ಯಾನೇಜರಾಗಿದ್ದಾಗ, ಬಟವಾಡೆಯ ಹಣವನ್ನು ಬ್ಯಾಂಕಿನಿಂದ ತೋಟಕ್ಕೆ ತರುವ ದಾರಿಯಲ್ಲಿ ಜೊತೆಗಿರಲೆಂದು ಪರವಾನಗಿ ಪಡೆದು ಒಂದು ರಿವಾಲ್ವರ್ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಕ್ರಮವಾಗಿ ನನ್ನ ಪರವಾನಗಿಗೆ ಸೇರಿದೆ. ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೆಯ ಮಾದರಿ; .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಗುಂಡು; ಆರು ಗುಂಡಿನ ಸಿಲಿಂಡರ್ ಎಡಕ್ಕೆ ಹೊರಬರುತ್ತದೆ; ಹಿಡಿಯ ತಳ ಗುಂಡಗಿದೆ.

ಕಳೆದ ಲೋಕಸಭಾ ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಟ್ಟಿದ್ದನ್ನು ಬಿಡಿಸಿಕೊಂಡು ಬಂದ ದಿನ, ಎಣ್ಣೆ ಹಚ್ಚಿ ಒರೆಸಲು ಕುಳಿತಾಗ ಅದು ನನ್ನ ಕೈಯಿಂದ ಜಾರಿ ಕಡಪ ಕಲ್ಲಿನ ನೆಲದ ಮೇಲೆ ಬಿತ್ತು. ಒಳಗೆ ಗುಂಡಿರಲಿಲ್ಲ. ಆದರೆ ಕಪ್ಪು ಗಟ್ಟಿ ರಬ್ಬರಿನ ಹಿಡಿಯ ಎಡಹೋಳು ಸ್ಕ್ರೂ ತೂತಿನಿಂದ ಕೆಳ ಅಂಚಿನವರೆಗೆ ಸೀಳಿಹೋಯಿತು. ತಂದೆಯವರ ಹೆಬ್ಬೆರಳು ಊರುತ್ತಿದ್ದ ಜಾಗದಲ್ಲಿ ಆ ಹೋಳಿನ ಚೌಕಳಿ ಗೆರೆಗಳು ಸವೆದು ನುಣುಪಾಗಿದ್ದವು; ಅದು ಒಡೆದದ್ದು ನನಗೆ ತುಂಬ ನೋವಿನ ಸಂಗತಿ.

ನಗರದ ಪರವಾನಗಿ ಹೊಂದಿದ ಅಂಗಡಿಯೊಂದರಲ್ಲಿ ಅಕ್ರೋಟು ಮರದ ಒಂದು ಜೊತೆ ಹಿಡಿ ದೊರೆಯಿತು. ಇದೇ ರಿವಾಲ್ವರಿಗೆ ಹೊಂದುತ್ತದೆ ಎಂದು ಹೇಳಿ ಕೊಟ್ಟರು. ಮನೆಗೆ ತಂದು ಇಟ್ಟು ನೋಡಿದರೆ ಮೇಲ್ತುದಿಯಲ್ಲಿ ಮರಕ್ಕೂ ರಿವಾಲ್ವರಿನ ಉಕ್ಕಿನ ಚೌಕಟ್ಟಾದ ಫ್ರೇಮಿಗೂ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಉಳಿಯುತ್ತದೆ. ತಳದ ಸಣ್ಣ ಅಡ್ಡಪಿನ್ನು ಮರದ ತೂತಿಗೆ ಸರಿಯಾಗಿ ಕೂರುವುದಿಲ್ಲ. ಸ್ಕ್ರೂ ಬಿಗಿಮಾಡಿದರೂ ಹೋಳುಗಳು ಅಲುಗುತ್ತವೆ. ಪರಿಚಿತರೊಬ್ಬರು ಪಿನ್ನನ್ನೂ ಫ್ರೇಮಿನ ತಳವನ್ನೂ ಅರದಿಂದ ಸ್ವಲ್ಪ ತೀಡಿದರೆ ಹಿಡಿ ತಾನಾಗಿ ಕೂರುತ್ತದೆ ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಆರ್ಮರರ್:

ದಯವಿಟ್ಟು ಅರವನ್ನು ಫ್ರೇಮಿನ ಹತ್ತಿರವೂ ತರಬೇಡಿ. ಮರ ತಪ್ಪಿದರೆ ಇನ್ನೊಂದು ಮರ ಸಿಗುತ್ತದೆ, ತೀಡಿದ ಉಕ್ಕು ಮತ್ತೆ ಬೆಳೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣವೊಂದಿದೆ. ತಮ್ಮ ರಿವಾಲ್ವರಿನ ಸರಣಿ ಸಂಖ್ಯೆ ಹಿಡಿಯ ತಳದ ಉಕ್ಕಿನ ಮೇಲೆಯೇ ಒತ್ತಲ್ಪಟ್ಟಿರುತ್ತದೆ. ಪರವಾನಗಿ ಪುಸ್ತಕದಲ್ಲಿ ಬರೆದಿರುವುದೂ ಆ ಸಂಖ್ಯೆಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಬಂದೂಕಿನ ಗುರುತಿನ ಸಂಖ್ಯೆಯನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ಅಪರಾಧ. ಹಿಡಿ ಕೂರಿಸುವ ಉದ್ದೇಶದಿಂದಲೇ ತೀಡಿದೆನೆಂದು ಹೇಳಿದರೆ ಯಾರೂ ಕೇಳುವುದಿಲ್ಲ.

ಹಿಡಿ ಏಕೆ ಹೊಂದುತ್ತಿಲ್ಲ ಎಂಬುದನ್ನು ನೋಡೋಣ. ಈ ಕಂಪನಿಯವರು ಫ್ರೇಮಿನ ಗಾತ್ರಗಳನ್ನು ಐ, ಜೆ, ಕೆ, ಎನ್ ಮುಂತಾದ ಅಕ್ಷರಗಳಿಂದ ಗುರುತಿಸುತ್ತಾರೆ. .32 ಲಾಂಗ್ ಗುಂಡು ಮತ್ತು ಸಿಲಿಂಡರ್ ಹೊರಬರುವ ಅವರ ಮೊದಲ ರಿವಾಲ್ವರ್ ಎರಡೂ 1896ರಲ್ಲಿ ಜೊತೆಯಾಗಿ ಬಂದವು, ಆ ಸಣ್ಣ ಫ್ರೇಮೇ ಮುಂದೆ ಐ ಎನಿಸಿಕೊಂಡಿತು. 1950ರಲ್ಲಿ ಬಂದ ಜೆ ಫ್ರೇಮು ಅದಕ್ಕಿಂತ ತುಸು ದೊಡ್ಡದು. ಸಿದ್ಧವಾಗಿ ಸಿಗುವ ಸಣ್ಣ ಹಿಡಿಗಳಲ್ಲಿ ಬಹುಪಾಲು ಜೆ ಅಳತೆಯವು. ತಮಗೆ ಕೊಟ್ಟಿರುವುದೂ ಅದೇ ಇರಬೇಕು. ಅಂಗಡಿಯವರು ಮೋಸ ಮಾಡಿದರೆಂದು ತಿಳಿಯಬೇಡಿ. ಎರಡರ ತಳವೂ ದುಂಡಗಿದೆ, ಕೈಯಲ್ಲಿ ಹಿಡಿದರೆ ಒಂದೇ ಎನಿಸುತ್ತವೆ. ಮರ ಹೆಚ್ಚಾಗಿದ್ದರೆ ತೆಗೆಯಬಹುದು, ಕಡಿಮೆಯಿದ್ದರೆ ಬೇರೆ ದಾರಿ ಹುಡುಕಬೇಕು. ಮೊದಲು ಅದನ್ನು ಅಳೆಯಿರಿ.

ಅದಕ್ಕೂ ಮೊದಲು ಬಿದ್ದ ರಿವಾಲ್ವರಿನ ಪರೀಕ್ಷೆಯಾಗಬೇಕು. ಸಿಲಿಂಡರ್ ಹೊರಗೆ ತೆಗೆದು ಗುಂಡು ಕೂರುವ ಆರೂ ಕೋಣೆಗಳು ಖಾಲಿಯಿವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ತಾವು ಕೆಲಸಕ್ಕೆ ಕುಳಿತ ಕೊಠಡಿಯಲ್ಲೇ ಗುಂಡುಗಳು ಇರಬಾರದು. ಸಿಲಿಂಡರನ್ನು ನಿಧಾನವಾಗಿ ತಿರುಗಿಸಿದಾಗ ಒಂದು ಕಡೆ ಮಾತ್ರ ಬಿಗಿಯಾಗುತ್ತಿದ್ದರೆ, ಖಾಲಿ ತೋಟೆಗಳನ್ನು ಹೊರತಳ್ಳುವ ಇಜೆಕ್ಟರ್ ರಾಡ್ ಬಾಗಿರಬಹುದು. ಗುಂಡಿಗೆ ಪೆಟ್ಟು ಕೊಡುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದಾಗ ಪ್ರತಿಯೊಂದು ಕೋಣೆಯೂ ನಳಿಗೆಯ ನೇರಕ್ಕೆ ಬಂದು ಬೀಗ ಬೀಳಬೇಕು. ಇದರಲ್ಲಿ ಯಾವುದೇ ಅನುಮಾನ ಬಂದರೂ ಹಿಡಿಯ ವಿಚಾರ ಬದಿಗಿಟ್ಟು, ಪರವಾನಗಿ ಪಡೆದ ರಿಪೇರಿಯವರಲ್ಲಿ ತೋರಿಸಿ.

ಹಿಡಿ ಬಿಚ್ಚುವ ವಿಧಾನವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧದಷ್ಟು ಹಿಡಿಗಳು ಕೂರಿಸುವಾಗ ಅಲ್ಲ, ಬಿಚ್ಚುವಾಗ ಒಡೆಯುತ್ತವೆ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೀರನ್ನು ಉದ್ದದಲ್ಲೂ ದಪ್ಪದಲ್ಲೂ ಪೂರ್ತಿ ತುಂಬಬೇಕು. ಮನೆಬಳಕೆಯ ಸ್ಕ್ರೂಡ್ರೈವರ್ ತುದಿಗೆ ಹೋಗುತ್ತ ಚೂಪಾಗಿರುವುದರಿಂದ ಗೀರಿನ ಮೇಲಂಚನ್ನು ಮಾತ್ರ ಹಿಡಿದು ಜಾರುತ್ತದೆ, ಜಾರಿದ ಗಾಯ ಮರದ ಮೇಲೋ ಉಕ್ಕಿನ ಮೇಲೋ ಉಳಿಯುತ್ತದೆ. ತುದಿಯ ಎರಡೂ ಮುಖ ಸಮಾನಾಂತರವಾಗಿ ತೀಡಿದ್ದನ್ನು ಬಳಸಿ. ಸ್ಕ್ರೂವನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎದುರಿನ ಹೋಳು ತಾನಾಗಿ ಎದ್ದು ಬರುತ್ತದೆ. ಅಂಚಿಗೆ ಚಾಕು ತೂರಿಸಿ ಎಬ್ಬಿಸಬೇಡಿ. ಹಿಡಿಯ ಮುಂಭಾಗದ ಉಕ್ಕಿನಲ್ಲಿ ಕೆಳಗೆ ಇನ್ನೊಂದು ಸಣ್ಣ ಸ್ಕ್ರೂ ಕಾಣಿಸುತ್ತದೆ. ಅದು ಹಿಡಿಯದಲ್ಲ, ಹ್ಯಾಮರಿಗೆ ಬಲ ಕೊಡುವ ಮೇನ್ ಸ್ಪ್ರಿಂಗಿನ ಬಿಗಿ ನಿಲ್ಲಿಸುವ ಸ್ಟ್ರೇನ್ ಸ್ಕ್ರೂ. ಅದನ್ನು ಮುಟ್ಟಬೇಡಿ.

ಕೀಸುಳಿ:

ಆರ್ಮರರ್ ಅವರ ಮಾತಿಗೆ ನನ್ನದೂ ಸಹಮತ. ನಾನು ಹವ್ಯಾಸಕ್ಕೆ ಮರಗೆಲಸ ಮಾಡುವವನು. ನನ್ನ ಪರವಾನಗಿಯಲ್ಲಿರುವ ರಿವಾಲ್ವರಿಗೆ ಎರಡು ಜೊತೆ ಹಿಡಿ ಕೂರಿಸಿದ್ದೇನೆ. ಮೊದಲ ಜೊತೆಯನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಹಾಳುಮಾಡಿದೆ. ಒಳಮೈಗೆ ಉಪ್ಪುಕಾಗದ ತಾಗಿಸಿದರೆ ಅಂಚುಗಳು ದುಂಡಾಗುತ್ತವೆ, ಅಂಚು ದುಂಡಾದಲ್ಲಿ ಸಂದು ಕಾಣಿಸುತ್ತದೆ, ಸಂದು ಮುಚ್ಚಲು ಇನ್ನಷ್ಟು ಉಜ್ಜುತ್ತೇವೆ. ಒಳಮೈಯನ್ನು ಕೆರೆಯಬೇಕು, ಉಜ್ಜಬಾರದು.

ಎಲ್ಲಿ ಕೆರೆಯಬೇಕು ಎಂಬುದನ್ನು ಕಣ್ಣು ಹೇಳಲಾರದು, ಕಾಡಿಗೆ ಹೇಳುತ್ತದೆ. ಹರಳೆಣ್ಣೆಯ ದೀಪ ಹಚ್ಚಿ ಅದರ ಮೇಲೆ ಹಿತ್ತಾಳೆಯ ತಟ್ಟೆ ಬೋರಲು ಹಿಡಿದರೆ ಹತ್ತು ನಿಮಿಷದಲ್ಲಿ ಬೇಕಾದಷ್ಟು ಕಾಡಿಗೆ ಕೂರುತ್ತದೆ; ನಮ್ಮ ಅಜ್ಜಿ ಮಕ್ಕಳ ಕಣ್ಣಿಗೆ ತೆಗೆಯುತ್ತಿದ್ದ ಅದೇ ಕಾಡಿಗೆ. ಅದಕ್ಕೆ ಒಂದು ಹನಿ ಯಂತ್ರದ ಎಣ್ಣೆ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ರೇಮಿನ ಅಂಚುಗಳಿಗೂ ಪಿನ್ನಿನ ತುದಿಗೂ ಉಕ್ಕಿನ ಬಣ್ಣ ಕಾಣುವಷ್ಟು ತೆಳ್ಳಗೆ ಸವರಿ. ದಪ್ಪಗೆ ಸವರಿದರೆ ಅದು ಎಲ್ಲ ಕಡೆಗೂ ಹತ್ತಿ ಸುಳ್ಳು ಹೇಳುತ್ತದೆ. ಒಂದು ಹೋಳನ್ನು ನೇರವಾಗಿ ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಎರಡು ಸಲ ಮೆಲ್ಲಗೆ ತಟ್ಟಿ, ಪಕ್ಕಕ್ಕೆ ಜಾರಿಸದೆ ನೇರವಾಗಿ ಎತ್ತಿ ನೋಡಿ. ಮೊದಲ ಸಲ ಎರಡೋ ಮೂರೋ ಕಪ್ಪು ಚುಕ್ಕೆಗಳು ಮಾತ್ರ ಕಾಣುತ್ತವೆ. ಹೋಳು ಅಲುಗುವುದು ಆ ಚುಕ್ಕೆಗಳ ಮೇಲೆ ನಿಂತಿರುವುದರಿಂದಲೇ. ಕಾಲಂಗುಲದ ಉಳಿಯ ಅಂಚನ್ನು ನೆಟ್ಟಗೆ ನಿಲ್ಲಿಸಿ ಆ ಚುಕ್ಕೆಗಳನ್ನಷ್ಟೇ ಕೆರೆಯಿರಿ. ಹೊಟ್ಟು ಬರಬಾರದು, ಪುಡಿ ಬರಬೇಕು. ಮತ್ತೆ ಇಟ್ಟು ಎತ್ತಿ. ಇಪ್ಪತ್ತು ಇಪ್ಪತ್ತೈದು ಸಲ ಹೀಗೆ ಮಾಡಿದಾಗ ಅಂಚಿನ ಸುತ್ತ ಒಂದೇ ಸಮನಾದ ತೆಳು ಕಪ್ಪು ಗೆರೆ ಮೂಡುತ್ತದೆ, ಆಗ ಸ್ಕ್ರೂ ಇಲ್ಲದೆಯೂ ಹೋಳು ಅಲುಗದೆ ನಿಲ್ಲುತ್ತದೆ. ಎರಡು ಸಂಜೆ ಬೇಕಾಗಬಹುದು. ಅವಸರವಿದ್ದ ದಿನ ಈ ಕೆಲಸಕ್ಕೆ ಕೂರಬೇಡಿ.

ಮೇಲ್ತುದಿಯ ಸಂದಿನ ಬಗ್ಗೆ ನನ್ನ ಅನುಮಾನವೇನೆಂದರೆ, ಅಲ್ಲಿ ಮರ ಕಡಿಮೆಯಿಲ್ಲ, ಕೆಳಗೆ ಪಿನ್ನು ತಪ್ಪಾದ ಜಾಗದಲ್ಲಿ ತಡೆಯುತ್ತಿರುವುದರಿಂದ ಹೋಳು ಮೇಲೇರಲಾಗುತ್ತಿಲ್ಲ. ಮರದಲ್ಲಿರುವ ಪಿನ್ನಿನ ತೂತನ್ನು ಅದೇ ಮರದ ಕಡ್ಡಿಯಿಂದ ಬೆಣೆ ಹೊಡೆದು ಅಂಟು ಹಾಕಿ ಮುಚ್ಚಿ, ಒಣಗಿದ ಮೇಲೆ ಮೇಲ್ತುದಿಯನ್ನು ಮೊದಲು ಹೊಂದಿಸಿ, ಪಿನ್ನಿಗೆ ಕಾಡಿಗೆ ಹಚ್ಚಿ ಒತ್ತಿದರೆ ಹೊಸ ತೂತಿನ ಜಾಗ ತಾನೇ ಗುರುತಾಗುತ್ತದೆ. ಬೈರಿಗೆಯ ಅಲಗು ಪಿನ್ನಿಗಿಂತ ಕೂದಲೆಳೆಯಷ್ಟು ಮಾತ್ರ ದಪ್ಪವಿರಲಿ.

ಪೀಣ್ಯ ವರ್ಕ್‌ಶಾಪ್:

ಇಷ್ಟೆಲ್ಲ ಶ್ರಮ ಏಕೆ ಎಂಬುದು ನನ್ನ ಪ್ರಶ್ನೆ. ಫ್ರೇಮಿಗೆ ಮೇಣದ ಪಾಲಿಷ್ ಸವರಿ, ಹೋಳುಗಳ ಒಳಗೆ ಆರಲ್ಡೈಟ್ ಅಂಟು ತುಂಬಿ ಬಿಗಿದು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅಚ್ಚು ತೆಗೆದ ಹಾಗೆ ಕೂತಿರುತ್ತದೆ. ಯಂತ್ರದ ಹಾಸುಗಳನ್ನು ನಾವು ಹೀಗೆಯೇ ಕೂರಿಸುತ್ತೇವೆ. ನೂರನೇ ಒಂದು ಮಿ.ಮೀ. ಲೆಕ್ಕದಲ್ಲಿ ಹೊಂದಿಕೆ ಸಿಗುತ್ತದೆ.

ನಿವೃತ್ತ ಆರ್ಮರರ್:

ಯಂತ್ರದ ಹಾಸಿನಲ್ಲಿ ಮೇನ್ ಸ್ಪ್ರಿಂಗ್ ಓಡಾಡುವುದಿಲ್ಲ, ಸ್ವಾಮಿ. ಹಳೆಯ ಐ ಫ್ರೇಮಿನಲ್ಲಿ ಸುರುಳಿ ಸ್ಪ್ರಿಂಗ್ ಅಲ್ಲ, ಉದ್ದನೆಯ ಪಟ್ಟಿ ಸ್ಪ್ರಿಂಗ್ ಇರುತ್ತದೆ. ಹಿಡಿಯ ಟೊಳ್ಳಿನಲ್ಲಿ ಅದು ಬಿಲ್ಲಿನಂತೆ ಬಾಗಿ ನೇರವಾಗುತ್ತದೆ. ತುಂಬಿದ ಅಂಟು ಸ್ಕ್ರೂ ತೂತಿನಿಂದಲೋ ಅಂಚಿನಿಂದಲೋ ಉಕ್ಕಿ ಟೊಳ್ಳಿನೊಳಗೆ ಹೋಗಿ ಗಟ್ಟಿಯಾದರೆ ಹಿಡಿಯನ್ನು ಒಡೆಯದೆ ಬಿಚ್ಚಲಾಗದು. ಮರ ಅಥವಾ ಅಂಟು ಸ್ಪ್ರಿಂಗಿನ ಮೈಗೆ ತಾಗುತ್ತಿದ್ದರಂತೂ, ಊರ ಕಡೆ ಕುದುರೆ ಎನ್ನುವ ಆ ಹ್ಯಾಮರು ಬಲಗುಂದಿ ಬೀಳುತ್ತದೆ. ಗುಂಡಿನ ಹಿಂಭಾಗದ ಕ್ಯಾಪಿಗೆ ಬೇಕಾದಷ್ಟು ಪೆಟ್ಟು ಬೀಳದೆ ಗುಂಡು ಹಾರದೇ ಹೋಗಬಹುದು. ಹೊಸ ಹಿಡಿ ಹಾಕಿದ ಮೇಲೆ ಗುಂಡು ಕೈಕೊಡುತ್ತಿದೆ ಎಂದು ಬಂದವರನ್ನು ನಾನು ನೋಡಿದ್ದೇನೆ. ಅವರು ಸ್ಪ್ರಿಂಗ್ ಬದಲಿಸಬೇಕೆಂದು ಕೇಳುತ್ತಾರೆ, ಆದರೆ ಒಳಗೆ ಒಂದು ಮಿ.ಮೀ. ಮರ ಕೆರೆದರೆ ಸಾಕಾಗುತ್ತದೆ.

ಪಿನ್ನಿನ ತೂತು ದೊಡ್ಡದಾಗಿದ್ದರೆ ಅಲ್ಲಿಗೆ ಮಾತ್ರ ಸಾಸಿವೆ ಕಾಳಿನಷ್ಟು ಎಪಾಕ್ಸಿ ಅಂಟು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ.

ಪೀಣ್ಯ ವರ್ಕ್‌ಶಾಪ್:

ಒಪ್ಪಿದೆ. ಸ್ಪ್ರಿಂಗಿನ ವಿಚಾರ ನನಗೆ ಹೊಳೆದಿರಲಿಲ್ಲ.

ಇಪ್ಪತ್ತೈದು ಮೀಟರ್:

ಹಿಡಿ ಫ್ರೇಮಿಗೆ ಹೊಂದಿದರೆ ಅರ್ಧ ಕೆಲಸವಾಯಿತು, ಅದು ಕೈಗೂ ಹೊಂದಬೇಕು. ನಾನು ಸೆಂಟರ್ ಫೈರ್ ಎಂಬ ಪಿಸ್ತೂಲು ಸ್ಪರ್ಧೆಯ ಕ್ರಮದಲ್ಲಿ .32 ಪಿಸ್ತೂಲಿನಿಂದ ಗುರಿ ಅಭ್ಯಾಸ ಮಾಡುವವಳು. ಇದೇ ಲಾಂಗ್ ಗುಂಡಿನ ಚಪ್ಪಟೆ ಮೂತಿಯ ವ್ಯಾಡ್‌ಕಟರ್ ನಮ್ಮದು. ಈ ಗುಂಡಿನ ಹಿಂದೊದೆತ ಬಹಳ ಕಡಿಮೆ. ಆದ್ದರಿಂದ ದಪ್ಪ ಹಿಡಿಯಿದ್ದರೆ ಪೆಟ್ಟು ತಡೆಯಬಹುದು ಎಂಬ ಮಾತು ತಮ್ಮ ರಿವಾಲ್ವರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಇಲ್ಲಿ ಹಿಡಿಯ ಕೆಲಸವೆಂದರೆ ಪ್ರತಿ ಸಲವೂ ಕೈ ಅದೇ ಜಾಗಕ್ಕೆ ಹೋಗಿ ಕೂರುವಂತೆ ಮಾಡುವುದು ಮತ್ತು ತೋರುಬೆರಳು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಎಳೆಯುವಂತೆ ಬಿಡುವುದು.

ಒಂದೊಂದು ಹೋಳು ಎರಡೆರಡು ಮಿ.ಮೀ. ದಪ್ಪವಾದರೆ ಕೈ ಅಷ್ಟೂ ಹೊರಕ್ಕೆ ತೆರೆದುಕೊಳ್ಳುತ್ತದೆ, ಬೆರಳಿನ ತುದಿ ಮಾತ್ರ ಟ್ರಿಗರಿಗೆ ಸಿಗುತ್ತದೆ, ಎಳೆತ ಓರೆಯಾಗುತ್ತದೆ. ಸಣ್ಣ ಕೈಯವರಿಗೆ ಇದು ಬೇಗ ಗೊತ್ತಾಗುತ್ತದೆ. ನನ್ನ ಮೊದಲ ಹಿಡಿಯಲ್ಲಿ ಗುಂಡುಗಳೆಲ್ಲ ಎಡಕ್ಕೆ ಸರಿಯುತ್ತಿದ್ದುದಕ್ಕೆ ಕಾರಣ ಹಿಡಿಯ ದಪ್ಪವೇ ಎಂದು ತಿಳಿಯಲು ನನಗೆ ಒಂದು ಇಡೀ ವರ್ಷ ಹಿಡಿಯಿತು. ಮರ ಕತ್ತರಿಸುವ ಮೊದಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಫ್ರೇಮಿಗೆ ಸುತ್ತಿ, ಒಂದು ಪದರ, ಎರಡು ಪದರ ಎಂದು ಬದಲಿಸುತ್ತ ಕೈಗೆ ಯಾವ ದಪ್ಪ ಸರಿಹೋಗುತ್ತದೆ ಎಂದು ನೋಡಿಕೊಳ್ಳಿ. ಹೆಚ್ಚಿನವರಿಗೆ ಬೇಕಾಗಿರುವುದು ಅಡ್ಡ ದಪ್ಪವಲ್ಲ, ಟ್ರಿಗರ್ ಕಾವಲಿನ ಹಿಂದೆ ನಡುಬೆರಳಿನ ಮೇಲೆ ಉಳಿಯುವ ಖಾಲಿ ಜಾಗ ತುಂಬುವುದು. ಅಲ್ಲಿ ಸ್ವಲ್ಪ ಮರ ಉಳಿಸಿಕೊಂಡರೆ ಹಿಡಿತವೇ ಬೇರೆಯಾಗುತ್ತದೆ.

ಇನ್ನೊಂದು ವಿಷಯ: ಎಡಹೋಳಿನ ಮೇಲ್ಭಾಗ ದಪ್ಪವಾಗಿದ್ದರೆ ಸಿಲಿಂಡರ್ ಹೊರಗೆ ತೆಗೆದು ರಾಡ್ ಒತ್ತಿದಾಗ ಖಾಲಿ ತೋಟೆಗಳು ಮರಕ್ಕೆ ತಾಗಿ ಹೊರಬೀಳದೆ ನಿಲ್ಲುತ್ತವೆ. ಆ ಮೂಲೆಯನ್ನು ಚಮಚದ ಒಳಮೈಯಂತೆ ತಗ್ಗಿಸಬೇಕು.

ಸೋಮವಾರಪೇಟೆಯವ:

ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮ ಕೊಡಗಿನ ಕಡೆ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮೊದಲು, ತಾತ ಕೋವಿಯ ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತಿದ್ದುದು ನೆನಪಿದೆ. ಅಂಗೈ ಬಿಸಿಯಾಗುವವರೆಗೆ ತಿಕ್ಕಬೇಕು ಎನ್ನುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಅಂಗಡಿಯ ಅಕ್ರೋಟು ಬಿಟ್ಟು ಬೀಟೆಯಲ್ಲೇ ಹೊಸದಾಗಿ ಮಾಡಿಸಬಹುದು. ಮಲ್ಲೇಶ್ವರದಲ್ಲಿ ನಮ್ಮ ಸಂಬಂಧಿಕರ ಹಳೆಯ ಮನೆ ಕೆಡವಿದಾಗ ಉಳಿಸಿಕೊಂಡ ಬಾಗಿಲ ಚೌಕಟ್ಟಿನ ತುಂಡೊಂದು ನನ್ನಲ್ಲಿದೆ. ಬೀಟೆಯೆಂದೇ ಎಲ್ಲರೂ ಹೇಳುತ್ತಾರೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ನುರಿತ ಆಚಾರ್ರೊಬ್ಬರ ಪರಿಚಯವಿದೆ. ಎರಡು ದಿನ ರಿವಾಲ್ವರನ್ನು ಅವರ ಕೈಗೆ ಕೊಟ್ಟರೆ ಅಳತೆಗೆ ಸರಿಯಾಗಿ ಮಾಡಿಕೊಡಬಲ್ಲರು.

ನಿವೃತ್ತ ಆರ್ಮರರ್:

ಮರ ಕೊಡಿ, ರಿವಾಲ್ವರ್ ಕೊಡಬೇಡಿ. ಪರವಾನಗಿದಾರರು ತಮ್ಮ ಶಸ್ತ್ರವನ್ನು ಬಡಗಿಯ ಅಂಗಡಿಯಲ್ಲಿ ಬಿಟ್ಟು ಬರುವಂತಿಲ್ಲ, ಒಂದು ಗಂಟೆಯ ಮಟ್ಟಿಗೂ ಇಲ್ಲ. ಶಸ್ತ್ರದ ರಿಪೇರಿಗೆ ಕಾಯ್ದೆಯ 5ನೆಯ ಕಲಮಿನಂತೆ ಪ್ರತ್ಯೇಕ ಪರವಾನಗಿ ಬೇಕು. ಆಚಾರ್ರು ಎಷ್ಟೇ ನುರಿತವರಾದರೂ, ಅವರ ಬಳಿ ಆ ರಿವಾಲ್ವರ್ ಇದ್ದ ಹೊತ್ತಿಗೆ ಅವರೂ ತಾವೂ ಇಬ್ಬರೂ ತೊಂದರೆಗೆ ಸಿಲುಕುತ್ತೀರಿ. ತಾತನ ಕಾಲದ ಕೋವಿಯ ಮಾತು ಬೇರೆ, ಕೊಡಗಿನ ಕೆಲವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯ ಮಾತೂ ಬೇರೆ. ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವವರು ಪೊಲೀಸ್ ಕಮಿಷನರು, ಸಂದೇಹವಿದ್ದರೆ ಇನ್‌ಫೆಂಟ್ರಿ ರಸ್ತೆಯ ಆ ಕಚೇರಿಯಲ್ಲೇ ಕೇಳಬೇಕು.

ಆಚಾರ್ರ ಸಹಾಯ ಬೇಕೇ ಬೇಕಾದರೆ, ಹಳೆಯ ರಬ್ಬರ್ ಹೋಳುಗಳನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಆ ನಕ್ಷೆ ಕೊಡಿ. ಹೊರ ಆಕಾರ ಅವರು ಮಾಡಲಿ, ಒಳಮೈ ಕೂರಿಸುವುದನ್ನು ತಮ್ಮ ಮನೆಯಲ್ಲಿ ತಾವೇ ಮಾಡಿ.

ಕೀಸುಳಿ:

ಮರದ ಬಗ್ಗೆ ನಾಲ್ಕು ಮಾತು ಹೇಳದೆ ಇರಲಾರೆ. ಬೀಟೆ ಅದ್ಭುತವಾದ ಮರ. ಭಾರ, ಗಟ್ಟಿ, ಎಣ್ಣೆಯ ಅಂಶವಿರುವುದರಿಂದ ಬೆವರಿಗೆ ಅಂಜುವುದಿಲ್ಲ. ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ, ತೇಗ ಸುಮಾರು 650. ಆದರೆ ಬೀಟೆಯ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ನನಗೆ ಮುಂಗೈ ತುಂಬ ದದ್ದು ಎದ್ದಿತ್ತು. ಮುಖಗವಸು ಇಲ್ಲದೆ ಅರ ಹಿಡಿಯಬೇಡಿ. ಹೊಸ ಬೀಟೆ ಕೊಳ್ಳುವುದಾದರೆ ಅರಣ್ಯ ಇಲಾಖೆಯ ಕಾಗದಪತ್ರ ಕೇಳಿ ಪಡೆಯಿರಿ. 2017ರಿಂದ ನಮ್ಮ ಬೀಟೆಯೂ, ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಹೊರದೇಶಕ್ಕೆ ಕಳುಹಿಸುವ ವಸ್ತುಗಳಿಗೆ ಅದರ ನಿಯಮ ಅನ್ವಯಿಸುತ್ತದೆ. ಕೆಡವಿದ ಮನೆಯ ಮರವಾದರೆ ಚೆನ್ನಾಗಿ ಒಣಗಿರುತ್ತದೆ, ಅದರಲ್ಲಿ ಮುರಿದ ಮೊಳೆ ಅಡಗಿಲ್ಲವೆಂದು ಅಯಸ್ಕಾಂತ ಆಡಿಸಿ ನೋಡಿಕೊಳ್ಳಿ. ಬಾಗಿಲ ಚೌಕಟ್ಟಿನ ತುಂಡು ನಿಜವಾಗಿಯೂ ಬೀಟೆಯೇ ಎಂದು ತಿಳಿಯಬೇಕಿದ್ದರೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸಿಕೊಡುತ್ತಾರೆ.

ಹೊನ್ನೆಯನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಹೊನ್ನೆಯ ಲೋಟದಲ್ಲಿ ನೀರಿಟ್ಟರೆ ಬಣ್ಣ ತಿರುಗುವುದನ್ನು ತಾವು ನೋಡಿರಬಹುದು. ಬೆವರಿದ ಅಂಗೈಗೂ ಅದು ಹಾಗೆಯೇ ಬಣ್ಣ ಬಿಡುತ್ತದೆ. ತೇಗ ಕೈಗೆ ಹಿತವಾದರೂ ಅದರೊಳಗಿನ ಮರಳಿನಂಥ ಅಂಶ ಉಳಿಯ ಹದವನ್ನು ಬೇಗ ತಿನ್ನುತ್ತದೆ, ಸಣ್ಣ ಅಂಚುಗಳು ಉದುರುತ್ತವೆ. ಇಷ್ಟಾದರೂ ಗಾಂಧಿಬಜಾರಿನವರಿಗೆ ನನ್ನ ಸಲಹೆ, ಈಗ ಕೈಯಲ್ಲಿರುವ ಅಕ್ರೋಟನ್ನೇ ಕೂರಿಸಲು ಪ್ರಯತ್ನಿಸಿ. ಉಳಿಗೆ ಅಷ್ಟು ವಿಧೇಯವಾದ ಮರ ಇನ್ನೊಂದಿಲ್ಲ. ಪ್ರಪಂಚದ ಕೋವಿ ಕೆಲಸದವರು ಅದನ್ನು ಆರಿಸಿಕೊಂಡದ್ದು ಅಂದಕ್ಕಾಗಿ ಮಾತ್ರವಲ್ಲ. ಅದು ಒಣಗಿದ ಮೇಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ.

ಹೊರಮೈ ಒಪ್ಪ ಮಾಡುವಾಗ ಹೋಳುಗಳನ್ನು ಫ್ರೇಮಿನ ಮೇಲಿಟ್ಟೇ ಉಜ್ಜಬೇಕೆಂಬ ಆಸೆ ಬರುತ್ತದೆ. ಉಪ್ಪುಕಾಗದದ ಒಂದು ಎಳೆತ ತಪ್ಪಿದರೆ ಉಕ್ಕಿನ ನೀಲಿ ಒಪ್ಪ ಹೋಗುತ್ತದೆ. ಫ್ರೇಮಿಗೆ ಎರಡು ಪದರ ಟೇಪ್ ಸುತ್ತಿ, ಮರವನ್ನು ಉಕ್ಕಿಗಿಂತ ಕೂದಲೆಳೆಯಷ್ಟು ಎತ್ತರದಲ್ಲೇ ಬಿಟ್ಟು, ಕೊನೆಯ ಅಷ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದು 320, 400ರ ನಯದ ಉಪ್ಪುಕಾಗದದಿಂದ ಮುಗಿಸಿ. ಆಮೇಲೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ, ದಿನಕ್ಕೊಂದು ಸಲ, ಐದಾರು ದಿನ ತಿಕ್ಕಿ. ಒಳಮೈಗೂ ಪಿನ್ನಿನ ತೂತಿಗೂ ಸ್ಕ್ರೂ ತೂತಿಗೂ ಎಣ್ಣೆ ಹೋಗಲೇಬೇಕು. ಜನ ಹೊರಮೈಗೆ ಕನ್ನಡಿಯಂತೆ ಹೊಳಪು ಕೊಟ್ಟು ಒಳಮೈಯನ್ನು ಹಸಿಯಾಗಿ ಬಿಡುತ್ತಾರೆ, ಮಳೆಗಾಲದ ತೇವ ಅಲ್ಲಿಂದ ಹೊಕ್ಕು ಮರವನ್ನು ಉಬ್ಬಿಸುತ್ತದೆ, ಮರದಡಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಅದ್ದಿಡಿ.

ಕಾನ್ಪುರದ ರಿವಾಲ್ವರ್:

ನನ್ನದು ಸರ್ಕಾರಿ ಕಾರ್ಖಾನೆಯ .32. ಹಳೆಯ ವೆಬ್ಲಿ ಮಾದರಿಯಂತೆ ಮಧ್ಯದಲ್ಲಿ ಮುರಿದು ತೆರೆಯುವಂಥದ್ದು. ಇದಕ್ಕೂ ಎಡಹೋಳನ್ನು ತಗ್ಗಿಸಬೇಕೇ?

ಇಪ್ಪತ್ತೈದು ಮೀಟರ್:

ಬೇಕಿಲ್ಲ. ಅದರಲ್ಲಿ ತೋಟೆಗಳು ಮೇಲಕ್ಕೆ ಏಳುತ್ತವೆ, ಹಿಡಿಯ ಕಡೆಗೆ ಬರುವುದೇ ಇಲ್ಲ. ಆದರೆ ನಳಿಗೆಯನ್ನು ಪೂರ್ತಿ ತೆರೆದಾಗಲೂ, ಮುಚ್ಚಿದಾಗಲೂ ಮರದ ಮೇಲ್ತುದಿ ಎಲ್ಲಿಯೂ ತಡೆಯುತ್ತಿಲ್ಲವೆಂದು ನೋಡಿಕೊಳ್ಳಿ.

ಗಾಂಧಿಬಜಾರ್ ನಿವಾಸಿ (ಐದು ವಾರಗಳ ನಂತರ):

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮುಂದೆ ಓದುವವರಿಗೆ ಉಪಯೋಗವಾಗಬಹುದು.

ಮೊದಲು ರಿವಾಲ್ವರನ್ನು ಪರವಾನಗಿ ಪಡೆದ ರಿಪೇರಿಯವರಲ್ಲಿ ತೋರಿಸಿದೆ. ರಾಡ್ ನೇರವಾಗಿತ್ತು, ಬೀಗಗಳು ಸರಿಯಿದ್ದವು. ಹಳೆಯ ಹಿಡಿ ಬಿಚ್ಚಿದಾಗ ಬಲಹೋಳಿನ ಒಳಮೈಯಲ್ಲಿ ಸೂಜಿಯಿಂದ ಗೀಚಿದಂತೆ ರಿವಾಲ್ವರಿನದೇ ಸಂಖ್ಯೆ ಕಂಡಿತು. ಇಷ್ಟು ವರ್ಷ ಮನೆಯಲ್ಲಿದ್ದರೂ ನಾನು ಅದನ್ನು ನೋಡಿರಲಿಲ್ಲ, ತಂದೆಯವರು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ.

ಕೀಸುಳಿ ಅವರ ಊಹೆ ಸರಿಯಾಗಿತ್ತು. ಪಿನ್ನಿನ ತೂತು ಮುಚ್ಚಿ ಹೋಳನ್ನು ಮೇಲಕ್ಕೆ ಸರಿಸಿದ ಕೂಡಲೇ ಮೇಲ್ತುದಿಯ ಸಂದಿನಲ್ಲಿ ಮುಕ್ಕಾಲು ಪಾಲು ಮುಚ್ಚಿಕೊಂಡಿತು. ಉಳಿದದ್ದಕ್ಕೆ ಕಾಡಿಗೆ. ಬಲಹೋಳು ಹತ್ತೊಂಬತ್ತನೆಯ ಸಲಕ್ಕೆ ಕೂತಿತು, ಎಡಹೋಳಿಗೆ ಮೂವತ್ತು ಸಲ ದಾಟಿತು, ಏಕೆಂದರೆ ಒಂದು ಕಡೆ ನಾನು ಅವಸರದಲ್ಲಿ ಹೆಚ್ಚು ಕೆರೆದುಬಿಟ್ಟೆ. ಆ ತಗ್ಗು ಹೊರಗೆ ಕಾಣುವುದಿಲ್ಲ, ಆದರೆ ಅಲ್ಲಿದೆ. ಸ್ಕ್ರೂ ತೂತು ಎರಡೂ ಹೋಳುಗಳಲ್ಲಿ ಒಂದೇ ನೇರಕ್ಕೆ ಬಂದದ್ದರಿಂದ ಈಗ ಎರಡು ಬೆರಳಿನ ಬಲಕ್ಕೇ ಬಿಗಿಯಾಗುತ್ತದೆ. ಮೊದಲು ಸಂದು ಮುಚ್ಚಲು ನಾನು ಸ್ಕ್ರೂವನ್ನೇ ನಂಬಿ ಬಿಗಿಯುತ್ತಿದ್ದೆ. ಇನ್ನೊಂದು ಸುತ್ತು ಬಿಗಿದಿದ್ದರೆ ಈ ಮರವೂ ತೂತಿನಿಂದಲೇ ಸೀಳುತ್ತಿತ್ತು.

ತಳದ ಸಂಖ್ಯೆ ಪೂರ್ತಿ ಕಾಣುವಂತೆ ಮರವನ್ನು ಉಕ್ಕಿನ ಅಂಚಿಗೇ ನಿಲ್ಲಿಸಿದ್ದೇನೆ, ಮುಂದಿನ ಸಲ ಠಾಣೆಯಲ್ಲಿ ತಪಾಸಣೆಗೆ ಕೊಟ್ಟಾಗ ಹಿಡಿ ಬಿಚ್ಚುವ ಪ್ರಮೇಯ ಬರುವುದಿಲ್ಲ. ನಡುಬೆರಳಿನ ಮೇಲೆ ಮರ ಉಳಿಸಿಕೊಳ್ಳಬೇಕೆಂಬ ಸಲಹೆಯನ್ನು ಈ ಹೋಳುಗಳಲ್ಲಿ ಪಾಲಿಸಲಾಗಲಿಲ್ಲ, ಅಲ್ಲಿ ಮರವೇ ಇರಲಿಲ್ಲ. ಎಡಮೂಲೆಯನ್ನು ತಗ್ಗಿಸಿದ್ದೇನೆ. ರೇಂಜಿನಲ್ಲಿ ಹನ್ನೆರಡು ಗುಂಡು ಹಾರಿಸಿದೆ. ಹನ್ನೆರಡೂ ಮೊದಲ ಪೆಟ್ಟಿಗೇ ಹಾರಿದವು, ಕ್ಯಾಪುಗಳ ಮೇಲಿನ ಗುಳಿ ಒಂದೇ ಆಳಕ್ಕೆ ಬಿದ್ದಿದೆ, ಖಾಲಿ ತೋಟೆಗಳು ಮರಕ್ಕೆ ತಾಗದೆ ಉದುರಿದವು. ಒಡೆದ ರಬ್ಬರ್ ಹೋಳುಗಳನ್ನು ಹತ್ತಿಯಲ್ಲಿ ಸುತ್ತಿ ಪರವಾನಗಿಯ ಹಳೆಯ ಪುಸ್ತಕದ ಜೊತೆ ಇಟ್ಟಿದ್ದೇನೆ.

ಒಂದೇ ಸಂದೇಹ ಉಳಿದಿದೆ. ಕಳೆದ ವಾರದ ಸತತ ಮಳೆಯ ನಂತರ ಬಲಹೋಳಿನ ಹಿಂದಿನ ಅಂಚು ಉಕ್ಕಿಗಿಂತ ತುಸು ಎದ್ದಂತಿದೆ. ಕಣ್ಣಿಗೆ ಕಾಣದು, ಉಗುರು ಆಡಿಸಿದರೆ ತಡೆಯುತ್ತದೆ. ಅದನ್ನು ಈಗ ಕೆರೆದು ಸರಿಮಾಡಬೇಕೇ?

ಕೀಸುಳಿ:

ಈಗ ಮುಟ್ಟಬೇಡಿ. ಜುಲೈ ತಿಂಗಳಿನಲ್ಲಿ ಸರಿಮಾಡಿದ ಅಂಚು ಬೇಸಿಗೆ ಬಂದಾಗ ಉಕ್ಕಿಗಿಂತ ಒಳಕ್ಕೆ ಸರಿದಿರುತ್ತದೆ, ಆಗ ಉಕ್ಕಿನ ಅಂಚು ಅಂಗೈಗೆ ಒತ್ತುತ್ತದೆ. ಒಳಮೈಗೆ ಇನ್ನೆರಡು ಸಲ ಎಣ್ಣೆ ತಿಕ್ಕಿ, ರಿವಾಲ್ವರ್ ಇಟ್ಟ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಹರಳಿನ ಒಂದು ಚೀಲ ಇಡಿ. ರಿವಾಲ್ವರನ್ನು ಚರ್ಮದ ಚೀಲದಲ್ಲಂತೂ ಇಡಬೇಡಿ. ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಉಗುರು ಆಡಿಸಿ ನೋಡಿ. ಆಗಲೂ ತಡೆದರೆ ಕಾಡಿಗೆಯ ತಟ್ಟೆ ಹೊರಗೆ ತೆಗೆಯಿರಿ.